ಸಿನಿಮಾ ಪಾರ್ಕಿಗೆ ಹೊರಟ ಗೆಳತಿಯರಿಗೆ

ಮೊನ್ನೆ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್ ಹುಡುಕ್ತಾ ಇದ್ದೆ. ಕೈಗೆ ಸಿಕ್ಕಿದ್ದು ಒಂದು ನೇರಳೆ ಬಣ್ಣದ ಕಾಗದದ ಪಟ್ಟಿ. ಸಿನಿಮಾ ಪಾರ್ಕಿನ ಬಾಗಿಲಲ್ಲಿ ಮಣಿಕಟ್ಟಿಗೆ ಸುತ್ತಿ ಅಂಟಿಸ್ತಾರಲ್ಲ, ಅದು. ನೋಡೋಕೆ ಕಾಗದ, ಎಷ್ಟು ಎಳೆದರೂ ಹರಿಯೋದಿಲ್ಲ. ನಾನು ಕತ್ತರಿ ಹಾಕಿ ಬಿಡಿಸಿಕೊಂಡಿದ್ದೆ. ಬಿಡಿಸಿಕೊಂಡಮೇಲೆ ಯಾಕೆ ಎಸೀಲಿಲ್ಲ ಅಂತ ಕೇಳಬೇಡಿ. ಟೈಲರ್ ಅಂಗಡೀಲಿ ಏನನ್ನೂ ಎಸೆಯೋ ರೂಢಿ ಇಲ್ಲ. ಒಂಟಿ ಗುಂಡಿ, ತುಂಡು ಲೈನಿಂಗು, ತೀರಿಹೋದ ನಮ್ಮತ್ತೆಯ ಅಳತೆ ಬ್ಲೌಸು, ಎಲ್ಲಾ ಇದೆ ನನ್ನ ಹತ್ರ.

ಅದೇ ಹೊತ್ತಿಗೆ ಅಂಗಡೀಲಿ ನಾಲ್ಕು ಜನ ಕೂತಿದ್ರು. ಬೂದಿಗೆರೆಯ ಹೊಸ ಲೇಔಟಿನೋರು, ಒಂದೇ ಕಾಲೇಜಲ್ಲಿ ಓದಿದ ಗೆಳತಿಯರಂತೆ, ಎಲ್ಲರೂ ನಲವತ್ತು ದಾಟಿದೋರು. ಒಬ್ಬಾಕೆ ಪಟ್ಟಿ ನೋಡಿದ್ದೇ, “ಆಂಟಿ, ನೀವು ಆ ಪಾರ್ಕಿಗೆ ಹೋಗಿದ್ರಾ? ನಾವೂ ಶನಿವಾರ ಹೋಗ್ತಿದ್ದೀವಿ. ಟಿಪ್ಸ್ ಕೊಡಿ ಆಂಟಿ” ಅಂದ್ಲು. ನನಗೆ ಐವತ್ತೆರಡು. ನಲವತ್ತೈದರೋಳ ಬಾಯಲ್ಲಿ ಆಂಟಿ ಅನ್ನಿಸಿಕೊಳ್ಳೋ ವಯಸ್ಸಲ್ಲ. ಅವಳ ಬ್ಲೌಸು ಕೊಡೋ ದಿನಾನ ಎರಡು ದಿನ ಮುಂದಕ್ಕೆ ಬರೆದುಕೊಂಡೆ. ಟಿಪ್ಸ್ ಕೊಟ್ಟೆ, ಆದರೆ ಅರ್ಧ. ಉಳಿದರ್ಧ ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ. ನಿಮಗೆ ಹೇಳ್ತೀನಿ.

ಸೀರೆ ಉಟ್ಕೊಂಡು ಹೋಗಬೇಡಿ. ಇದು ಮೊದಲನೇದು. ನಾವಿಬ್ರೂ ಉಟ್ಕೊಂಡು ಹೋಗಿದ್ವಿ, ಅದೂ ಇಸ್ತ್ರಿ ಮಾಡಿದ್ದು. ಅಲ್ಲಿ ಪ್ರತಿಯೊಂದು ಆಟಕ್ಕೂ ಕಾಲಗಲಿಸಿ ಹತ್ತಬೇಕು, ಬೆಲ್ಟು ಹಾಕೋ ಹುಡುಗಿ “ಸೆರಗು ಕಟ್ಟಿ ಮೇಡಂ, ಸೆರಗು ಕಟ್ಟಿ” ಅಂತ ಕೂಗ್ತಾನೇ ಇರ್ತಾಳೆ. ಎರಡನೇದು, ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಮೊದಲು ಶೌಚಾಲಯ ಎಲ್ಲಿದೆ ನೋಡ್ಕೊಳ್ಳಿ. ಇಪ್ಪತ್ತರ ವಯಸ್ಸಿನೋರು ಮೊದಲು ಹೀರೋ ಗೊಂಬೆ ಹುಡುಕ್ತಾರೆ, ನಮ್ಮ ವಯಸ್ಸಿಗೆ ಇದೇ ಮುಖ್ಯ. ಮಾತ್ರೆ ತಗೊಳ್ಳೋರು ಮಾತ್ರೆ ಇಟ್ಕೊಳ್ಳಿ. ಬ್ಯಾಗು ಯಾರು ಹಿಡ್ಕೊಳ್ಳೋದು ಅಂತ ಬಸ್ಸಲ್ಲೇ ತೀರ್ಮಾನ ಮಾಡಿ, ಅಲ್ಲಿ ಹೋದಮೇಲೆ ಮುನಿಸು ಬೇಡ. ಮತ್ತೆ, ಜೊತೆಗಿರೋಳ ಹತ್ರ ಏನಾದ್ರೂ ದೊಡ್ಡ ಮಾತು ಕೇಳೋದಿದ್ರೆ ಊರಲ್ಲೇ ಕೇಳಿ ಮುಗಿಸಿ.

ನಾನು ಹೋಗಿದ್ದು ಚಂದ್ರಿ ಜೊತೆ. ಇಬ್ರೂ ಜಡಿಗೇನಹಳ್ಳಿ ಪಕ್ಕದ ಒಂದೇ ಊರಿನೋರು, ಒಂದೇ ಬೀದಿಯೋರು. ಸೊಸೆಯಾಗಿ ಬಂದಿದ್ದೂ ಬೂದಿಗೆರೆಗೇ, ಎರಡು ವರ್ಷ ಹಿಂದುಮುಂದು. ಅವಳ ಬ್ಲೌಸು ಮೂವತ್ತು ವರ್ಷ ನಾನೇ ಹೊಲಿದಿದ್ದೀನಿ. ಮೂವತ್ತೆಂಟಿದ್ದ ಎದೆ ಅಳತೆ ಆರೇ ತಿಂಗಳಲ್ಲಿ ಮೂವತ್ತೆರಡಕ್ಕೆ ಇಳೀತು. ಡಾಕ್ಟರಿಗಿಂತ ಮುಂಚೆ ಟೇಪು ಹಿಡಿದ ನನಗೆ ಗೊತ್ತಾಗಬೇಕಿತ್ತು. ನಾನು “ಯಾವ ಹೀರೋಗೆ ಹೀರೋಯಿನ್ ಆಗ್ತಿದ್ದೀಯೇ ಈ ವಯಸ್ಸಲ್ಲಿ” ಅಂತ ನಗಾಡಿ ಪಕ್ಕಕ್ಕೆ ಒಂದು ಹೊಲಿಗೆ ಹೊಡೆದು ಕೊಟ್ಟೆ. ಅವಳೂ ನಕ್ಕಳು. ಆ ನಗು ನೆನೆಸಿಕೊಂಡ್ರೆ ಈಗ್ಲೂ ನನ್ನ ಕೆನ್ನೆಗೆ ನಾನೇ ಹೊಡ್ಕೊಳ್ಳಬೇಕು ಅನ್ನಿಸುತ್ತೆ.

ಹೊಟ್ಟೇಲಿ ಗಡ್ಡೆ. ಆಪರೇಷನ್ ಮಾಡಿದ್ರೆ ಉಳೀಬಹುದು, ಉಳೀದೇನೂ ಹೋಗಬಹುದು. ಮಾಡದಿದ್ರೆ ಮಾತ್ರ ಉಳಿಯೋ ಮಾತೇ ಇಲ್ಲ ಅಂದ್ರಂತೆ ಡಾಕ್ಟ್ರು. ಚಂದ್ರಿ ಬೇಡ ಅಂತ ಕೂತುಬಿಟ್ಲು. ಗಂಡ ಸ್ಕೂಲ್ ವ್ಯಾನ್ ಓಡಿಸೋ ಸಾಧು ಮನುಷ್ಯ, ಹೇಳೀ ಹೇಳೀ ಸಾಕಾದ. ಮಗಳು ಪವಿತ್ರ ಹಾಸನದಿಂದ ಎರಡನೇ ಕೂಸು ಎತ್ಕೊಂಡು ಬಂದು ನನ್ನ ಮಿಷನ್ ಮುಂದೆ ಕೂತು ಅತ್ಲು. “ನಿಮ್ಮ ಮಾತು ಒಂದೇ ಕೇಳೋದು ಅವಳು, ಹೇಗಾದ್ರೂ ಒಪ್ಪಿಸಿ” ಅಂದ್ಲು. ನಾನು ಸಂಜೆ ಹೋದೆ. ಚಂದ್ರಿ ನನ್ನ ಮುಖ ನೋಡಿದ್ದೇ ಹೇಳಿದ್ಲು: “ಯಾಕೆ ಬಂದಿದ್ದೀಯ ಅಂತ ಗೊತ್ತು ಕಣೆ. ದೇವನಹಳ್ಳಿ ಕಡೆ ಅದೇನೋ ಸಿನಿಮಾ ಪಾರ್ಕ್ ಮಾಡವ್ರಂತಲ್ಲ, ಒಂದಿನ ಕರ್ಕೊಂಡೋಗು. ಹೂಂ ಅಂತಲೋ ಊಹೂಂ ಅಂತಲೋ ಅಲ್ಲೇ ಹೇಳ್ತೀನಿ.”

ಸಿನಿಮಾ ಅಂದ್ರೆ ಅವಳಿಗೆ ಮೊದಲಿಂದ ಹುಚ್ಚು. ನಾವು ಚಿಕ್ಕೋರಿದ್ದಾಗ ಹೊಸಕೋಟೆ ರಸ್ತೇಲಿ ಒಂದು ಟೆಂಟು ಬರ್ತಿತ್ತು. ಮುಂದುಗಡೆ ಮರಳಲ್ಲಿ ಕೂರೋದು, ಹಿಂದಿನ ಸಾಲಿನ ಗಂಡಸ್ರ ಬೀಡಿ ಬೂದಿ ಜಡೆ ಮೇಲೆ ಬೀಳೋದು, ಕಡ್ಲೆಕಾಯಿ ಸಿಪ್ಪೆ ಲಂಗದ ತುಂಬ. ಚಂದ್ರಿ ಕಂಕುಳಲ್ಲಿ ತಮ್ಮ ಮುನಿರಾಜು ಇದ್ದೇ ಇರ್ತಿದ್ದ. ಅವರಮ್ಮ ಹೊಲಕ್ಕೆ ಹೋಗ್ತಿದ್ದರಿಂದ ಅವನ್ನ ಸಾಕಿದ್ದೇ ಇವಳು. ದೀಪ ಆರಿದ ತಕ್ಷಣ ಅವನು ಅಳೋಕೆ ಶುರು. ಇವಳು ಅವನ ಕಿವಿಗೆ ಬಾಯಿಟ್ಟು ಪೂರ್ತಿ ಕತೆ ಹೇಳೋಳು, ಈಗ ಕಳ್ಳ ಬರ್ತಾನೆ ನೋಡು, ಈಗ ಅಮ್ಮ ಸಿಗ್ತಾಳೆ ನೋಡು ಅಂತ. ಒಂದ್ಸಲ ಸರಿಯಾಗಿ ಅಮ್ಮ ಸಿಗೋ ಸೀನಿಗೇ ಅವಳ ತೊಡೆ ಮೇಲೆ ಉಚ್ಚೆ ಹೊಯ್ದ. ಅವಳು ಏಳಲಿಲ್ಲ. ಒದ್ದೆ ಲಂಗದಲ್ಲೇ ಕೂತು ಸಿನಿಮಾ ಮುಗಿಸಿದ್ಲು.

ಅಂಥಾ ತಮ್ಮನ ಹತ್ರ ಏಳು ವರ್ಷದಿಂದ ಮಾತಿರಲಿಲ್ಲ. ಅವರಮ್ಮ ತೀರಿಹೋದಾಗ ಚಂದ್ರಿ ಮಗಳ ಬಾಣಂತನಕ್ಕೆ ಅಂತ ಹಾಸನದಲ್ಲಿದ್ಲು. ಸುದ್ದಿ ಮುಟ್ಟಿ, ಬಸ್ಸು ಹಿಡಿದು, ಊರಿಗೆ ಬಂದು ಇಳಿಯೋಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮುನಿರಾಜು ತಲೆಗೆ ನೀರು ಹುಯ್ಕೊಂಡು ಜಗಲಿ ಮೇಲೆ ಕೂತಿದ್ದ. “ಬಿಸಿಲು ಕಣಕ್ಕ, ಇಡಬೇಡಿ ಅಂತ ಹಿರೀಕರು ಅಂದ್ರು” ಅಂದ. ಅವಳು ಹೊಸಲು ದಾಟಲಿಲ್ಲ, ಹಾಗೇ ತಿರುಗಿ ಬಂದ್ಲು. ಆಮೇಲೆ ಮೂರು ವರ್ಷ ಗೌರಿ ಹಬ್ಬಕ್ಕೆ ಅವನು ಬಾಗಿನ ಹಿಡ್ಕೊಂಡು ಬಂದ. ಮೂರು ವರ್ಷವೂ ಇವಳು ಬಾಗಿಲು ತೆಗೀಲಿಲ್ಲ. ನಾಲ್ಕನೇ ವರ್ಷ ಅವನು ಬರಲಿಲ್ಲ. ಅದಕ್ಕೂ ಅವಳೇ ಅತ್ಲು.

ಪಾರ್ಕಿಗೆ ಬರ್ತೀನಿ. ಅಲ್ಲಿ ಒಂದು ರೈಲಿದೆ, ಸಿನಿಮಾದಲ್ಲಿ ಹೀರೋ ರೈಲಿನ ಮೇಲೆ ಓಡ್ತಾನಲ್ಲ, ಆ ಥರ. ಗುಹೆ ಒಳಗೆ ನುಗ್ಗಿ, ಮೇಲೆ ಹೋಗಿ, ದಬಕ್ಕಂತ ಕೆಳಕ್ಕೆ ಬೀಳುತ್ತೆ. ಹತ್ತೋ ಜಾಗದಲ್ಲಿ ದೊಡ್ಡ ಬೋರ್ಡು: ಹೃದಯದ ಕಾಯಿಲೆಯೋರು, ಬೆನ್ನು ಕತ್ತು ನೋವಿರೋರು, ಬಸುರಿಯರು ಹತ್ತಬಾರದು. ಚಂದ್ರಿ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ಲು. “ಹೊಟ್ಟೆಯೋರು ಅಂತ ಬರೆದಿಲ್ಲ ನೋಡು” ಅಂದವಳೇ ಹತ್ತಿ ಕೂತ್ಲು. ನಾನು ಬೇಡ ಬೇಡ ಅಂತಾನೇ ಪಕ್ಕದಲ್ಲಿ ಕೂತೆ. ಇಳಿದ ಮೇಲೆ ವಾಂತಿ ಮಾಡಿದ್ದು ನಾನು. ಬೆಳಗ್ಗೆ ತಿಂದ ಮೊಸರನ್ನ ಪೂರ್ತಿ ಹೊರಗೆ ಬಂತು. ಕಾಯಿಲೆಯೋಳು ನನ್ನ ಬೆನ್ನು ಸವರ್ತಾ, ಹೋಗೋ ಬರೋರಿಗೆಲ್ಲ “ಪಾಪ, ಹುಷಾರಿಲ್ಲ ಇವಳಿಗೆ” ಅಂತ ಹೇಳ್ತಾ ನಿಂತಿದ್ಲು. ಹೊಟ್ಟೆ ತುಂಬ ತಿಂದು ಹೋಗಬೇಡಿ, ಒಂದು ಪ್ಲಾಸ್ಟಿಕ್ ಕವರ್ ಕೈಗೆ ಸಿಗೋ ಹಾಗೆ ಇಟ್ಕೊಂಡಿರಿ.

ಆಮೇಲೆ ಡಬ್ಬಿಂಗ್ ಮನೆ. ಅದನ್ನ ಬಿಡಬೇಡಿ ಅಂತ ಎಲ್ಲರೂ ಹೇಳ್ತಾರೆ, ನಾನು ಬಿಟ್ಟುಬಿಡಿ ಅಂತೀನಿ. ಗಾಜಿನ ರೂಮಲ್ಲಿ ಕಿವಿಗೆ ಹೆಡ್‌ಫೋನು ಹಾಕಿ ನಿಲ್ಲಿಸ್ತಾರೆ. ಎದುರಿಗೆ ಪರದೆ ಮೇಲೆ ಮಾತಿಲ್ಲದ ಒಂದು ಸೀನು ಓಡುತ್ತೆ, ಕೆಳಗೆ ಬರೋ ಅಕ್ಷರ ಓದಿ ನಾವು ದನಿ ಕೊಡಬೇಕು. ನಮ್ಮ ಪಾಲಿಗೆ ಬಂದ ಸೀನು ಏನಂತೀರಿ, ಅಣ್ಣ ತಂಗೀನ ಗಂಡನ ಮನೆಗೆ ಕಳಿಸೋದು. ನಾನು ಅಣ್ಣ, ಅವಳು ತಂಗಿ. ನಾನು ಗಂಟಲು ದಪ್ಪ ಮಾಡ್ಕೊಂಡು “ಅಳಬೇಡ ತಂಗಿ, ಈ ಮನೆ ಬಾಗಿಲು ನಿನಗೆ ಮುಚ್ಚೋದಿಲ್ಲ” ಅಂತ ಓದಿದೆ. ಚಂದ್ರಿ ಸರದಿ ಬಂತು. ಪರದೆ ಮೇಲಿನ ತಂಗಿ ಬಾಯಿ ಆಡಿಸ್ತಿದ್ಲು, ಅಕ್ಷರ ಓಡ್ತಿತ್ತು, ಇವಳ ಬಾಯಿಂದ ಒಂದು ಮಾತಿಲ್ಲ. ಸೀನು ಮುಗೀತು. ರೆಕಾರ್ಡಿಂಗ್ ಮಿಷನ್ ಹತ್ರ ಕೂತಿದ್ದ ಹುಡುಗಿ “ಇನ್ನೊಂದು ಟೇಕ್ ತಗೊಳ್ಳೋಣ್ವಾ ಮೇಡಂ” ಅಂತ ಮೃದುವಾಗಿ ಕೇಳಿದ್ಲು. “ಬೇಡ ಕಣಮ್ಮ, ಆ ಮಾತು ನಂಗೆ ಬರಲ್ಲ” ಅಂದ್ಲು ಚಂದ್ರಿ.

ಹೊರಗೆ ಬಂದ್ರೆ ಹಳ್ಳಿ ಸೆಟ್ಟು. ಪೊಲೀಸ್ ಸ್ಟೇಷನ್ನು, ಕೋರ್ಟು, ಅದರ ಪಕ್ಕದಲ್ಲೇ ಒಂದು ತೊಟ್ಟಿ ಮನೆಯ ಮುಂಭಾಗ. ಕಂಬ ಫೈಬರ್ರು, ಹೆಂಚು ತಗಡು, ಗೋಡೆ ಬಡಿದ್ರೆ ಡಬಡಬ ಅನ್ನುತ್ತೆ. ಹೊಸಲಿಗೆ ಮಾತ್ರ ಅರಿಶಿನ ಕುಂಕುಮದ ಬಣ್ಣ ಹೊಡೆದು, ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ ಕಟ್ಟಿದ್ರು. ಚಂದ್ರಿ ಹೋದವಳೇ ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಲು. ನಾನೂ ಬಿಟ್ಟೆ. ಕೈ ತಾನಾಗಿ ಹೊಸಲು ಮುಟ್ಟಿ ಕಣ್ಣಿಗೆ ಒತ್ಕೊಂಡ್ತು. ಸೆಕ್ಯೂರಿಟಿಯೋನು ಓಡಿಬಂದು, “ಚಪ್ಪಲಿ ಅಲ್ಲಿ ಬಿಡಬೇಡಿ ಅಮ್ಮ, ಬೇರೆಯೋರ ಫೋಟೋದಲ್ಲಿ ಬೀಳುತ್ತೆ” ಅಂದ. ಚಪ್ಪಲೀನ ಬ್ಯಾಗಿಗೆ ಹಾಕ್ಕೊಂಡು ಬರಿಗಾಲಲ್ಲೇ ಜಗಲಿ ಮೇಲೆ ಕೂತ್ವಿ. ಅಷ್ಟು ಹೊತ್ತೂ ಕೇಳದೆ ಇಟ್ಕೊಂಡಿದ್ದನ್ನ ನಾನು ಅಲ್ಲಿ ಕೇಳಿದೆ. “ಈಗ ಹೇಳೇ, ಹೂಂನೋ ಊಹೂಂನೋ?”

ಅವಳು ಬೇರೇನೇ ಕೇಳಿದ್ಲು. “ಲಚ್ಚಿ, ನಾನು ಸತ್ರೆ ತವರಿನ ಸೀರೆ ಯಾರು ತರ್ತಾರೆ?”

ನಮ್ಮ ಕಡೆ ಒಂದು ಪದ್ಧತಿ ಇದೆ. ಮುತ್ತೈದೆ ಸತ್ರೆ, ಸ್ನಾನ ಮಾಡಿಸಿ, ಅರಿಶಿನ ಹಚ್ಚಿ, ಎತ್ತೋ ಮುಂಚೆ ತವರಿನೋರು ಒಂದು ಹೊಸ ಸೀರೆ ಹೊದಿಸಬೇಕು. ಗಂಡನ ಮನೆಯೋರು, ನೆಂಟ್ರು ಎಷ್ಟೇ ಸೀರೆ ತರಲಿ, ಮೊದಲು ಬೀಳೋದು ಅದು. “ತವರಿನೋರು ಬನ್ನಿ” ಅಂತ ಹಿರಿಯಳೊಬ್ಬಳು ಎಲ್ಲರ ಎದುರಿಗೆ ಕರೀತಾಳೆ. ನಮ್ಮ ಬೀದೀಲೇ ಒಬ್ಬಳಿಗೆ ಹಾಗೆ ಕರೆದಾಗ ಯಾರೂ ಬರಲಿಲ್ಲ. ಮೂರು ಸಲ ಕರೆದ್ರು. ಆಮೇಲೆ ಗಂಡನ ಮನೆ ಸೀರೇನೇ ಹೊದಿಸಿ ಎತ್ತಿದ್ರು. “ಪಾಪ, ದಿಕ್ಕಿಲ್ಲದೋಳು” ಅಂತ ಜನ ಎಷ್ಟೋ ವರ್ಷ ಆಡ್ಕೊಂಡ್ರು. ಆವತ್ತು ನಾನೂ ಚಂದ್ರೀನೂ ಆ ಗುಂಪಲ್ಲೇ ನಿಂತಿದ್ವಿ.

“ಕೊಯ್ಯೋದಕ್ಕೆ ಹೆದರಿಲ್ಲ ಕಣೆ ನಾನು. ಆ ಕರೆಯೋ ಹೊತ್ತಿದೆಯಲ್ಲ, ಅದಕ್ಕೆ ಹೆದರ್ತೀನಿ. ಆಸ್ಪತ್ರೆಗೆ ಹೋಗದಿದ್ರೆ ಇನ್ನೊಂದಷ್ಟು ದಿನ ಅದನ್ನ ಮುಂದಕ್ಕೆ ಹಾಕಬಹುದು” ಅಂದ್ಲು. ನಾನು “ಬಿಡ್ತು ಅನ್ನು, ಏನು ಮಾತು ಅಂತ ಆಡ್ತೀಯ” ಅಂದೆ. “ಬಿಡ್ತು ಅನ್ನಲ್ಲ. ಈಗ ತಾನೆ ಅಣ್ಣ ಆಗಿ ಡೈಲಾಗ್ ಹೇಳ್ದೆಯಲ್ಲ. ಆ ಸೀರೆ ನೀನು ತರ್ತೀನಿ ಅನ್ನು, ನಾಳೆನೇ ಆಪರೇಷನ್ನಿಗೆ ಸೈನ್ ಹಾಕ್ತೀನಿ.”

ಬದುಕೋಕೆ ಒಪ್ಪಿಸಬೇಕು ಅಂತ ಬಂದೋಳು ನಾನು, ಅದಕ್ಕೆ ಮೊದಲು ಅವಳು ಸಾಯೋದನ್ನ ಒಪ್ಕೋಬೇಕಿತ್ತು. ಎದುರಿಗೆ ಒಂದು ಸಂಸಾರ ಫೋಟೋಗೆ ಅಂತ ಕಾದು ನಿಂತಿತ್ತು. “ಸ್ವಲ್ಪ ಬೇಗ ಮುಗಿಸ್ತೀರಾ” ಅಂದ ಆ ಯಜಮಾನ. ನಾನು “ಮುಗಿಸ್ತೀವಿ ಇರಪ್ಪ” ಅಂತ ರೇಗಿದೆ. ಆಮೇಲೆ ಚಂದ್ರಿಗೆ ಕೇಳಿದೆ, “ಮುನಿರಾಜು ಬಂದ್ರೆ?”

“ಬಂದ್ರೂ ಬೇಡ. ಅಮ್ಮನ ಮುಖ ತೋರಿಸದೋನ ಸೀರೆ ನನ್ನ ಮೈಮೇಲೆ ಬೀಳಬಾರದು.”

“ತರ್ತೀನಿ ಕಣೆ” ಅಂದೆ. ಅವಳು ನನ್ನ ಕೈ ಹಿಡ್ಕೊಂಡ್ಲು. ಇಬ್ರೂ ಆ ಡಬಡಬ ಗೋಡೆಗೆ ಒರಗಿ ಅತ್ವಿ. ಫೋಟೋಗೆ ಕಾದಿದ್ದೋರು ಏನಂದ್ಕೊಂಡ್ರೋ, ಮುಂದಿನ ಸೆಟ್ಟಿಗೆ ಹೋದ್ರು.

ಮಾತು ಕೊಟ್ಟಂಗೆ ಅವಳು ಸೈನ್ ಹಾಕಿದ್ಲು. ಆಸ್ಪತ್ರೆಗೆ ಸೇರೋ ಮುಂಚಿನ ವಾರ ನಾವಿಬ್ರೂ ದೊಡ್ಡಬಳ್ಳಾಪುರಕ್ಕೆ ಹೋದ್ವಿ. ಬೀದಿ ತುಂಬ ಮಗ್ಗದ ಸದ್ದು, ಅದರ ಮಧ್ಯೆ ಒಂದು ಸಣ್ಣ ಅಂಗಡಿ. ಸೀರೆ ಅವಳೇ ಆರಿಸಿದ್ಲು. “ಹಸಿರು ಬೇಡ, ಹಸಿರು ಎಲ್ಲರೂ ತರ್ತಾರೆ” ಅಂತ ಅರಿಶಿನ ಬಣ್ಣದ್ದು, ಕೆಂಪಂಚಿಂದು ತೆಗೆದು, ಹೆಗಲ ಮೇಲೆ ಹಾಕ್ಕೊಂಡು ಕನ್ನಡಿ ನೋಡಿ “ಒಪ್ಪುತ್ತೇನೇ” ಅಂತ ಕೇಳಿದ್ಲು. ಒಪ್ತಿತ್ತು. ಅಂಗಡಿಯೋನು “ಯಾವ ಫಂಕ್ಷನ್ನಿಗಮ್ಮ” ಅಂದ. “ನಮ್ಮ ತವರುಮನೇದಪ್ಪ” ಅಂದ್ಲು ಚಂದ್ರಿ.

ಮನೆಗೆ ಬಂದು ನಾನು ಒಂದು ಕೆಲಸ ಮಾಡಿದೆ. ಟೈಲರು ಬಿಟ್ಟು ಬೇರೆ ಯಾರೂ ಮಾಡ್ತಿರಲಿಲ್ಲ. ಆ ಸೀರೆಗೆ ಫಾಲ್ ಹಾಕಿದೆ. ಮಿಷನ್ನಲ್ಲಲ್ಲ, ಕೈಯಲ್ಲಿ, ಒಂದೊಂದೇ ಸಣ್ಣ ಹೊಲಿಗೆ. ಹೊದಿಸೋ ಸೀರೆಗೆ ಸೂಜಿ ತಾಗಿಸಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗೊತ್ತಿದ್ದೇ ಹಾಕಿದೆ. ಫಾಲ್ ಬಿದ್ದಮೇಲೆ ಅದು ಉಡೋ ಸೀರೆ. ಆಪರೇಷನ್ ಆಗಿ, ಮೈ ತುಂಬಿಕೊಂಡು, ಮೂವತ್ತೆಂಟರ ಅಳತೆಗೆ ಮತ್ತೆ ಬರ್ತಾಳೆ, ಇದನ್ನ ಉಡಿಸಿ ಅದೇ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ಅಂತ ಅಂದ್ಕೊಂಡೆ. ದೇವರಿಗೆ ಹರಕೆ ಕಟ್ಟೋ ಜಾಯಮಾನ ನಂದಲ್ಲ. ನನಗೆ ಬರೋ ವಿದ್ಯೆ ಅದೊಂದೇ.

ಆಪರೇಷನ್ ಆಯ್ತು. ಚೆನ್ನಾಗೇ ಆಯ್ತು ಅಂದ್ರು. ಎರಡು ದಿನ ಗಂಜಿ ಕುಡಿದ್ಲು, ನನ್ನ ಹತ್ರ ಫೋನಲ್ಲಿ ಮಾತಾಡಿದ್ಲು, “ಲೇ, ಸೀರೆ ಇಲಿ ಕಡೀದಂಗೆ ನೋಡ್ಕೋ” ಅಂತ ನಗಾಡಿದ್ಲು. ನಾಲ್ಕನೇ ದಿನ ಬೆಳಗ್ಗೆ, ಅಂಗಡಿ ಷಟರ್ ಎತ್ತೋ ಹೊತ್ತಿಗೆ ಪವಿತ್ರ ಫೋನು ಮಾಡಿದ್ಲು. ಬರೀ “ಆಂಟಿ” ಅಂದ್ಲು.

ಷಟರ್ ಅರ್ಧಕ್ಕೇ ಬಿಟ್ಟು, ಒಳಗೆ ಕೂತು ಬ್ಲೇಡಲ್ಲಿ ಫಾಲ್ ಬಿಚ್ಚಿದೆ. ಹಾಕೋಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿದಿತ್ತು, ಬಿಚ್ಚೋಕೆ ಹತ್ತು ನಿಮಿಷ. ಆಮೇಲೆ ಮುನಿರಾಜುಗೆ ನಾನೇ ಫೋನ್ ಮಾಡಿದೆ. ಅವಳು ಬೇಡ ಅಂದಿದ್ದು ಸೀರೇನ, ಅವನು ಬರೋದನ್ನಲ್ಲ. ಮುಖ ನೋಡೋಕೆ ಸಿಗಲಿಲ್ಲ ಅನ್ನೋ ಸಂಕಟ ಒಂದು ಮನೇಲಿ ಒಂದು ಸಲ ಸಾಕು. ಇವತ್ತಿಗೂ ಆ ಫೋನ್ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ.

ಅವನು ಬೈಕಲ್ಲಿ ಬಂದ. ಗುಲಾಬಿ ತೋಟದಿಂದ ನೇರವಾಗಿ ಬಂದಿದ್ದ. ಮಂಡಿ ತನಕ ಮಣ್ಣು, ಮುಳ್ಳು ಗೀಚಿದ ಮೊಣಕೈ, ಎರಡೂ ಕೈ ಖಾಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಂಗಳದಲ್ಲಿ ಮಲಗಿಸಿದ್ದ ಅಕ್ಕನ ಕಾಲ ಹತ್ರ ಹೋಗಿ ಕುಕ್ಕರಗಾಲಲ್ಲಿ ಕೂತವನು ಏಳಲೇ ಇಲ್ಲ. ಸ್ನಾನ ಆಯ್ತು, ಅರಿಶಿನ ಆಯ್ತು, ಹೂವು ಮುಡಿಸಿದ್ರು. ಹಿರಿಯಳು ನಿಂತು “ತವರಿನೋರು ಬನ್ನಿ, ಸೀರೆ ಹೊದಿಸಿ” ಅಂದ್ಲು.

ಮುನಿರಾಜು ತಲೆ ಎತ್ತಿದ. ಎದ್ದು ನಿಂತ. ತನ್ನ ಕೈ ನೋಡ್ಕೊಂಡ, ಸುತ್ತ ನೋಡಿದ. ಅವನಿಗೆ ಅದು ನೆನಪೇ ಆಗಿರಲಿಲ್ಲ. ನಲವತ್ತೈದರ ಗಂಡಸು, ಟೆಂಟಲ್ಲಿ ದೀಪ ಆರಿದಾಗ ಹೆಂಗೆ ನೋಡ್ತಿದ್ದನೋ ಹಂಗೇ ನೋಡಿದ. ಹಿರಿಯಳು ಎರಡನೇ ಸಲ ಕರೆದ್ಲು. ಗುಂಪಲ್ಲಿ ಗುಸುಗುಸು ಶುರುವಾಯ್ತು.

ನಾನು ಮುಂದೆ ಹೋದೆ. ಬ್ಯಾಗಿಂದ ಸೀರೆ ತೆಗೆದೆ. ಹೊದಿಸಬೇಕಾದೋಳು ನಾನು, ಮಾತು ಕೊಟ್ಟೋಳು ನಾನು, ಅವಳು ಆಪರೇಷನ್ನಿಗೆ ಹೋಗಿದ್ದೇ ಆ ಮಾತಿನ ಮೇಲೆ. ಗೊತ್ತಿದ್ದೂ ಅದನ್ನ ಅವನ ಕೈಲಿಟ್ಟು “ಹೊದಿಸೋ” ಅಂದೆ. ಸೀರೆ ನಂದು, ಅವನದಲ್ಲ, ಅವನ ಸೀರೆ ಅವಳ ಮೈಮೇಲೆ ಬೀಳಲಿಲ್ಲ ಅಂತ ಆ ಕ್ಷಣಕ್ಕೆ ನನಗೆ ನಾನೇ ಲಾಯರಿನಂಗೆ ಸಮಜಾಯಿಷಿ ಹೇಳ್ಕೊಂಡೆ. ಅವನು ಹರಡಿದ. ಕೆಂಪಂಚಿನುದ್ದಕ್ಕೂ ಸೂಜಿ ತೂತು ಕಾಣ್ತಿತ್ತು. ನನ್ನ ಬಿಟ್ಟು ಇನ್ಯಾರೂ ನೋಡಲಿಲ್ಲ. “ತಮ್ಮ ಬಂದು ಹೊದಿಸಿದ, ಪುಣ್ಯವಂತೆ” ಅಂದ್ರು ಹೆಂಗಸ್ರು.

ಮಣ್ಣು ಮುಗಿಸಿ ಬಂದಮೇಲೆ ಹಿತ್ತಲ ತೊಟ್ಟಿ ಹತ್ರ ಪವಿತ್ರ ಎಲ್ಲರ ಕಾಲಿಗೆ ನೀರು ಹುಯ್ತಿದ್ಲು. ಅವಳಿಗೆ ಎಲ್ಲಾ ಗೊತ್ತಿತ್ತು, ಪಾರ್ಕಿನ ಜಗಲಿ ಮೇಲೆ ಆದ ಮಾತೂ ಸೇರಿ. ಚಂದ್ರಿ ಆಸ್ಪತ್ರೇಲಿ ಹೇಳಿದ್ಲಂತೆ. ಮುನಿರಾಜು ಕಾಲು ತೊಳ್ಕೊಂಡು, ಹೋಗದೆ ಅಲ್ಲೇ ನಿಂತ. ನನ್ನ ಕಡೆ ತಿರುಗಿ, “ಲಚ್ಚಕ್ಕ, ಆ ಸೀರೆ ನನ್ನ ಕೈಲೇ ಹೊದಿಸು ಅಂತ ಅಕ್ಕನೇ ಹೇಳಿದ್ಲಾ?” ಅಂದ.

ಪವಿತ್ರ ಚೆಂಬು ಹಾಗೇ ಹಿಡ್ಕೊಂಡು ನನ್ನ ಮುಖ ನೋಡಿದ್ಲು.

“ಹೇಳಿದ್ಲು ಕಣೋ” ಅಂದೆ.